ಬೆಕ್ಕನ್ನು ಅದುಮಿ ಹಿಡಿಯುವುದು ಬಿಟ್ಟ ಮೇಲೆ

'ಒಂದೊಂದು ಬೆಕ್ಕಿಗೂ ಇಷ್ಟು ಹೊತ್ತು ಕೊಟ್ರೆ ಕ್ಲಿನಿಕ್ಕಿಗೆ ಬೀಗ ಹಾಕಬೇಕಾಗುತ್ತೆ' ಅಂತ, ನಾನು ಬೆಕ್ಕನ್ನು ಅದುಮಿ ಹಿಡಿಯದೆ ಪರೀಕ್ಷೆ ಮಾಡಲು ಶುರು ಮಾಡಿದಾಗ, ಜೊತೆಯ ಪಶುವೈದ್ಯರು ನಕ್ಕಿದ್ದರು. ಈಗ ಲೆಕ್ಕ ಕೇಳಿ. ಬೆಕ್ಕಿಗೆ ಮಂಪರು ಬರಿಸುವ (ಸೆಡೇಷನ್) ಔಷಧಿಯ ಬಿಲ್ಲು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಮೊದಲ ಭೇಟಿಗೆ ಇಪ್ಪತ್ತೈದು ನಿಮಿಷ ಹೋಗುತ್ತೆ, ನಿಜ. ಆದರೆ ಅದೇ ಬೆಕ್ಕು ಮತ್ತೆ ಬಂದಾಗ ಹತ್ತು ನಿಮಿಷವೂ ಬೇಡ. ಮೂವರು ಹಿಡಿಯುತ್ತಿದ್ದ ಕಡೆ ಒಬ್ಬ ಸಾಕು.

ದುಡ್ಡು ಹಾಳಾಗಿದ್ದೂ ಇದೆ. ಬೆಕ್ಕನ್ನು ಸಮಾಧಾನ ಮಾಡುತ್ತೆ ಅನ್ನುವ ವಾಸನೆ ಹರಡುವ ಫೆರೊಮೋನ್ ಡಿಫ್ಯೂಸರ್ ತಂದು ಕಾಯುವ ಕೋಣೆಯಲ್ಲಿ ಹಾಕಿದೆ. ರೀಫಿಲ್ ಮೇಲೆ ರೀಫಿಲ್ ಕೊಂಡೆ. ಎದುರು ಬೆಂಚಿನ ಹತ್ತಿರ ನಾಯಿ ಬೊಗಳುತ್ತಿದ್ದರೆ ಅದು ಏನು ಮಾಡೀತು? ಮೆಲುದನಿಯ ಸಂಗೀತ ಹಾಕಿ ನೋಡಿದೆ, ಸಹಾಯಕನಿಗೆ ನಿದ್ದೆ ಬಂತು ಅಷ್ಟೆ. ತಿಂಡಿಯ ಆಸೆ ತೋರಿಸಿದರೆ, ಹೆದರಿದ ಬೆಕ್ಕು ಅದನ್ನು ಮೂಸಿಯೂ ನೋಡಲ್ಲ.

ಕೈ ಹಿಡಿದಿದ್ದು ಖರ್ಚಿಲ್ಲದ ದಾರಿ. ಬೆಕ್ಕನ್ನು ಹೊತ್ತು ತರುವ ಪೆಟ್ಟಿಗೆಯಿಂದ (ಕ್ಯಾರಿಯರ್) ಎಳೆಯುವುದನ್ನೇ ಬಿಟ್ಟೆ. ಮೇಲಿನ ಅರ್ಧ ಕಳಚಿ, ಕೆಳಗಿನ ಅರ್ಧದಲ್ಲೇ ಕೂರಲು ಬಿಟ್ಟು, ಟವೆಲ್ ಹೊದಿಸಿ, ಬೇಕಾದ ಜಾಗ ಮಾತ್ರ ಸರಿಸಿ ನೋಡುತ್ತೇನೆ. ಕುತ್ತಿಗೆಯ ತೊಗಲು ಹಿಡಿದೆತ್ತುವುದು ಬಂದ್. ಥರ್ಮಾಮೀಟರ್ ಎಲ್ಲಕ್ಕಿಂತ ಕೊನೆಗೆ. ತೀರಾ ರೇಗುವ ಬೆಕ್ಕಾದರೆ ಮನೆಯಿಂದ ಹೊರಡುವ ಎರಡು-ಮೂರು ಗಂಟೆ ಮೊದಲೇ ಗಾಬರಿ ತಗ್ಗಿಸುವ ಗ್ಯಾಬಾಪೆಂಟಿನ್ ಔಷಧಿ ಕೊಡಿಸುತ್ತೇನೆ, ಕಿಡ್ನಿ ಕೇಸಿದ್ದರೆ ಡೋಸ್ ಇಳಿಸಿ. ಆ ಟವೆಲ್‌ಗೆ ಮೊದಲೇ ಒಂದು ಸಣ್ಣ ಕೆಲಸ ಮಾಡಿಟ್ಟಿರುತ್ತೇನೆ. ಅದನ್ನ ಇಲ್ಲಿ ಬರೆಯಲ್ಲ.

ಪರಚು ಗಾಯ ಕಡಿಮೆಯಾಗಿದ್ದಷ್ಟೇ ಅಲ್ಲ, ರೋಗ ಪತ್ತೆ ಸರಿಯಾಗತೊಡಗಿತು. ಸಕ್ಕರೆ ಕಾಯಿಲೆ ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಒಂದು ದಪ್ಪ ಗಂಡುಬೆಕ್ಕು ಬಂತು. ರಿಪೋರ್ಟಿನಲ್ಲಿ ಗ್ಲೂಕೋಸ್ 280ರ ಆಸುಪಾಸು. ಕಣ್ಣಿನ ಪಾಪೆ ಅಗಲ, ಕಿವಿ ತಲೆಗೆ ಅಂಟಿದೆ, ಬಾಲ ಮೈಗೆ ಬಿಗಿಯಾಗಿ ಸುತ್ತಿದೆ. ಇಷ್ಟು ಹೆದರಿದ ಸ್ಥಿತಿಯಲ್ಲಿ ಗ್ಲೂಕೋಸ್ ಏರದೆ ಇನ್ನೇನು, ಅಲ್ವಾ? ಮನೆಯಲ್ಲೇ ಕಿವಿಯಂಚಿನಿಂದ ಒಂದು ಹನಿ ತೆಗೆಯುವುದನ್ನು ಸಾಕಿದವರಿಗೆ ಕಲಿಸಿದೆ. 110ರ ಹತ್ತಿರ ಬಂತು. ಹಿಂದಿನ ಕೆಲವು ವಾರಗಳ ಸಕ್ಕರೆ ಮಟ್ಟ ತೋರಿಸುವ ಫ್ರಕ್ಟೋಸಮೀನ್ ಕೂಡ ನಾರ್ಮಲ್. ಇನ್ಸುಲಿನ್ ಚುಚ್ಚಿದ್ದರೆ ಆ ಬೆಕ್ಕಿನ ಕಥೆ ಮುಗಿದೇ ಹೋಗಬಹುದಿತ್ತು.

ನೋವಿನ ವಿಷಯವೂ ಹೀಗೇ. 2019ರಲ್ಲಿ ಫೀಲೈನ್ ಗ್ರಿಮೇಸ್ ಸ್ಕೇಲ್ ಬಂತು, ಅಂದ್ರೆ ಬೆಕ್ಕಿನ ಮುಖ ನೋಡಿ ನೋವಿಗೆ ಅಂಕ ಕೊಡುವ ಅಳತೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಒಂದೊಂದಕ್ಕೂ 0ಯಿಂದ 2. ಹತ್ತಕ್ಕೆ 4 ಅಥವಾ ಹೆಚ್ಚು ಬಂದರೆ ನೋವಿನ ಔಷಧಿ. ಒದ್ದಾಡುವ ಬೆಕ್ಕಿನ ಮುಖದಲ್ಲಿ ಇದನ್ನೆಲ್ಲ ಓದಲಾಗಲ್ಲ, ಸುಮ್ನೆ ಕೂತಿದ್ದರೆ ಓದಬಹುದು. 'ವಯಸ್ಸಾಯ್ತು, ಸೋಮಾರಿ ಆಗಿದೆ' ಅಂತ ಕರೆತಂದ ಬೆಕ್ಕೊಂದನ್ನು ನೆಲಕ್ಕೆ ಬಿಟ್ಟು, ಮುಟ್ಟದೆ ನೋಡುತ್ತಾ ಕೂತೆ. ಗಿಡ್ಡ ಸ್ಟೂಲಿನಿಂದ ಇಳಿಯುವಾಗ ಅದು ಜಿಗಿಯಲೇ ಇಲ್ಲ. ಒಂದು ಮುಂಗಾಲು ಕೆಳಗಿಟ್ಟಿತು, ನಿಂತಿತು, ಆಮೇಲೆ ಇನ್ನೊಂದು. ಎಕ್ಸ್‌ರೇಯಲ್ಲಿ ಎರಡೂ ಮೊಣಕೈ ಕೀಲು ಸವೆದಿದ್ದವು.

ಹುಮ್ಮಸ್ಸಿನಲ್ಲಿ ಹಸುಗಳ ಕಡೆಗೂ ಹೋದೆ. ಹಸು ಬೆದರದಿರಲಿ ಅಂತ, ಅದನ್ನು ನಿಲ್ಲಿಸಿ ಪರೀಕ್ಷಿಸುವ ಕಟಕಟೆಯ (ಟ್ರೆವಿಸ್) ಬಾಯಲ್ಲಿ ಬಿದ್ದಿದ್ದ ಹಗ್ಗದ ತುಂಡು ಎತ್ತಿದೆ, ಅಡ್ಡ ಬೀಳುತ್ತಿದ್ದ ನೆರಳನ್ನು ಒಂದು ಹಲಗೆ ಸರಿಸಿ ತಪ್ಪಿಸಿದೆ. ಹಸುವಿನ ಭುಜಕ್ಕಿಂತ ಹಿಂದೆ ನಿಂತು ಒಂದು ಹೆಜ್ಜೆ ಹತ್ತಿರ ಹೋದರೆ ಅದು ತಾನೇ ಮುಂದೆ ನಡೆಯುತ್ತೆ. ಬಾಲ ತಿರುಚಬೇಕಿಲ್ಲ. ಎಮ್ಮೆಗೂ ಇದೇ ಲೆಕ್ಕ ಹಾಕಿದೆ, ಕೂಡಿಬರಲಿಲ್ಲ. ಎಮ್ಮೆ ಕೇಸು ಜಾಸ್ತಿ ನೋಡುವವರು ಯಾರಾದರೂ ದಾರಿ ತೋರಿಸಿದರೆ, ಬದಲಿಗೆ ಟವೆಲ್ ಗುಟ್ಟು ಬಿಟ್ಟುಕೊಡುವ ಬಗ್ಗೆ ಯೋಚನೆ ಮಾಡಬಹುದು.