ಮಂಡಿ ದಾಟಿ ಮನೆಗೆ ಹೋದ ಬಾದಾಮಿ

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಕಡೆಯ ಮಾವಿನ ತೋಟ. ತೋತಾಪುರಿಯೇ ಜಾಸ್ತಿ. ಅದು ಈಗಲೂ ಪಲ್ಪ್ ಫ್ಯಾಕ್ಟರಿಗೇ ಹೋಗುತ್ತದೆ. ಫೋನಿನಲ್ಲಿ ಮಾರುವುದು ಬಾದಾಮಿ, ಮಲ್ಲಿಕಾ ತಳಿಯ ಮಾವು ಮಾತ್ರ. 2020ರ ಲಾಕ್‌ಡೌನಿನಲ್ಲಿ ಮಂಡಿಗೆ ಹೊರಗಿನ ವ್ಯಾಪಾರಿಗಳು ಬರುವುದೇ ಅನುಮಾನವಾಗಿತ್ತು. ಬೆಂಗಳೂರಿನ ನೆಂಟರಿಗೆ ಕಾಯಿಯ ಫೋಟೊ ಕಳಿಸಿದೆ. ಅವರು ಅದನ್ನು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರು. ಮನೆಗಳಿಗೇ ನೇರವಾಗಿ ಹಣ್ಣು ಕಳಿಸುವ ವ್ಯಾಪಾರ ಅಲ್ಲಿಂದ ಶುರು.

ಮಂಡಿಯಲ್ಲಿ ನನ್ನ ಹಣ್ಣನ್ನು ಯಾರು ತಿಂದರು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಈಗ ಹಾಗಲ್ಲ. ಎಳೆ ಕಾಯಿ ಕಳಿಸಿದರೆ ಅದು ಹಣ್ಣಾಗದೆ ಸುಕ್ಕಾಗುತ್ತದೆ, ಅದರ ಫೋಟೊ ಮೂರೇ ದಿನದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕೀಳುವ ಕ್ರಮವೇ ಬದಲಾಯಿತು. ತೊಟ್ಟಿನ ಎರಡೂ ಕಡೆ ಉಬ್ಬಿ ಬಲಿತ ಕಾಯಿ ಮಾತ್ರ, ಅದೂ ಬೆಳಗಿನ ಹೊತ್ತು, ತೊಟ್ಟಿನ ಸಮೇತ ಕೀಳುತ್ತೇವೆ. ಆಮೇಲೆ ತೊಟ್ಟು ಕತ್ತರಿಸಿ, ಬೋರಲು ಇಟ್ಟು ಸೊನೆ ಇಳಿಸುತ್ತೇವೆ. ಸೊನೆ ಸಿಪ್ಪೆಗೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಭತ್ತದ ಹುಲ್ಲಿನಲ್ಲಿಟ್ಟು, ಬಣ್ಣ ತಿರುಗುವಾಗ 3 ಕೆಜಿ ಡಬ್ಬಕ್ಕೆ ತುಂಬುತ್ತೇವೆ. ಕಾಯಿಯನ್ನು ಬೇಗ ಹಣ್ಣು ಮಾಡಲು ಕಾರ್ಬೈಡ್ ಬಳಸುವುದು ಕಾನೂನುಬಾಹಿರ, ನಮ್ಮ ತೋಟಕ್ಕೆ ಅದು ಬರುವುದೇ ಇಲ್ಲ.

ಬಾದಾಮಿಗೆ ಇನ್ನೊಂದು ತೊಂದರೆ ಇದೆ. ಹೊರಗೆ ಚೆನ್ನಾಗಿ ಕಾಣುವ ಹಣ್ಣನ್ನು ಕೊಯ್ದರೆ ಒಳಗಿನ ತಿರುಳು ಸ್ಪಂಜಿನ ಹಾಗೆ ಬಿಳಿಚಿಕೊಂಡಿರಬಹುದು. ತೋಟದಲ್ಲಿ ನಿಂತು ಅದನ್ನು ಪತ್ತೆ ಮಾಡಲು ನಮಗೆ ದಾರಿಯಿಲ್ಲ. ಇದನ್ನು ದುಡ್ಡು ತಗೊಳ್ಳುವ ಮುಂಚೆಯೇ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತೇನೆ: “ಅಕ್ಕಾ, ಒಂದೆರಡು ಹಾಗೆ ಬರಬಹುದು. ಫೋಟೊ ಕಳಿಸಿ, ಮುಂದಿನ ಡಬ್ಬಕ್ಕೆ ಅಷ್ಟು ಹಣ್ಣು ಸೇರಿಸ್ತೀನಿ.” ಇದನ್ನು ಕೇಳಿ ಬೇಡ ಅಂದವರು ತೀರಾ ಕಡಿಮೆ. ನನ್ನ ಗಿರಾಕಿಗಳು ಉಳಿದದ್ದು ಈ ಮಾತಿನಿಂದಲೇ, ಚೆಂದದ ಫೋಟೊಗಳಿಂದ ಅಲ್ಲ.

ಹೀಗೆ ಮಾರಬೇಕು ಅನ್ನುವ ರೈತರಿಗೆ ಒಂದು ಕೆಲಸದ ವಿಷಯ. ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಲ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜು ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಡಬ್ಬದ ಮೇಲೆಯೇ “ನಂಬರ್ ಸೇವ್ ಮಾಡಿಕೊಳ್ಳಿ” ಅಂತ ಬರೆಯಿರಿ.

ಎರಡನೇ ಸುಗ್ಗಿಯಲ್ಲಿ ಒಬ್ಬ ಅಮ್ಮ ಎರಡು ಡಬ್ಬದ ದುಡ್ಡು ಯುಪಿಐನಲ್ಲಿ ಹಾಕಿ, “ಒಂದು ನಮಗೆ, ಇನ್ನೊಂದು ಹಣ್ಣು ಕೊಳ್ಳಲಾಗದವರಿಗೆ ಕೊಡಪ್ಪಾ” ಅಂದರು. ನನಗೆ ಗಂಟಲು ಕಟ್ಟಿತು. ನಾನು ಕೇಳಿರಲೇ ಇಲ್ಲವಲ್ಲ! ಅವರ ಅನುಮತಿ ಪಡೆದು, ಹೆಸರು ಹಾಕದೆ ಇದನ್ನು ಗ್ರೂಪಿನಲ್ಲಿ ತಿಳಿಸಿದೆ. ಅವತ್ತೇ ಇನ್ನಷ್ಟು ಜನ ಹಾಗೇ ದುಡ್ಡು ಹಾಕಿದರು. ಆ ಡಬ್ಬಗಳು ಒಂದು ವೃದ್ಧಾಶ್ರಮಕ್ಕೆ ಹೋಗುತ್ತವೆ. ಅವಕ್ಕೆ ನಾನು ಹಣ್ಣಿನ ಲಾಭ ಇಟ್ಟುಕೊಳ್ಳುವುದಿಲ್ಲ, ಕೂಲಿ ಮತ್ತು ಸಾಗಣೆ ಮಾತ್ರ. ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಲೆಕ್ಕ ವಾರಕ್ಕೊಮ್ಮೆ ಗ್ರೂಪಿಗೆ ಬರುತ್ತದೆ. ಹಣ್ಣು ತಿನ್ನುತ್ತಿರುವ ಅಜ್ಜಂದಿರ ಫೋಟೊ ಹಾಕುವುದಿಲ್ಲ. ದಾನ ತಗೊಂಡವರ ಮುಖ ತೋರಿಸುವುದು ಸರಿಯಲ್ಲ.

ಈಗ ಪಕ್ಕದ ತೋಟದವರೂ ಕೇಳಿಕೊಂಡು ಬರುತ್ತಾರೆ. ಡಬ್ಬ ಮಾಡುವವರ ನಂಬರ್, ಸಾಗಣೆ ಖರ್ಚು, ಎಲ್ಲವನ್ನೂ ಕೊಡುತ್ತೇನೆ. ಫೋನಿನ ವ್ಯಾಪಾರ ಕಷ್ಟ ಅನ್ನುವವರಿಗೆ ರಾಜ್ಯ ಮಾವು ನಿಗಮದ ಕರ್ಸಿರಿ ಪೋರ್ಟಲ್ ತೋರಿಸುತ್ತೇನೆ. ಅಲ್ಲಿ ಬುಕ್ ಆದ ಹಣ್ಣನ್ನು ಬೆಂಗಳೂರಿನ ಮನೆಗಳಿಗೆ ಅಂಚೆಯವರೇ ತಲುಪಿಸುತ್ತಾರೆ.