ಕೈಗಡದ ಮೆಚ್ಚುಗೆ: ಅಮೆರಿಕದ ಅಧ್ಯಕ್ಷರ ಏರಿಳಿತ ನನ್ನ ಲೆಕ್ಕಕ್ಕೆ ಸಿಕ್ಕ ಬಗೆ

2025ರ ಫೆಬ್ರುವರಿಯಲ್ಲಿ ಒಬ್ಬ ಗ್ರಾಹಕರಿಗೆ ನಾನು ಒಂದು ಗೆರೆ ಎಳೆದುಕೊಟ್ಟೆ. ಟ್ರಂಪ್ ಅವರ ಎರಡನೆಯ ಅವಧಿ ಆಗಷ್ಟೇ ಶುರುವಾಗಿತ್ತು. ಅಮೆರಿಕದ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಅವರ ಕೆಲಸವನ್ನು ಮೆಚ್ಚಿದವರು ಶೇ 47. ನಮ್ಮ ಮಳೆಗಾಲ ಮುಗಿಯುವ ಹೊತ್ತಿಗೆ ಅದು 40ರ ಆಸುಪಾಸಿಗೆ ಬರುತ್ತದೆ, ಅಲ್ಲಿಂದ ನಿಧಾನವಾಗಿ ಸವೆಯುತ್ತದೆ, ಆದರೆ ನವೆಂಬರ್‌ವರೆಗೆ 35ರ ಕೆಳಗೆ ಇಳಿಯುವುದಿಲ್ಲ ಎಂದು ಬರೆದಿದ್ದೆ. ಸಭೆಯಲ್ಲಿದ್ದವರಲ್ಲಿ ಅರ್ಧ ಜನ ಈ ಸಲ ಅವರು 50 ದಾಟುತ್ತಾರೆ ಎಂದು ವಾದಿಸಿದರು. ಉಳಿದವರು 30ಕ್ಕೆ ಕುಸಿಯುತ್ತಾರೆ ಎಂದರು. ಗ್ಯಾಲಪ್ ಅಂಕಿ ಜುಲೈನಲ್ಲಿ 37, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ 40, ನವೆಂಬರ್‌ನಲ್ಲಿ 36. ನನ್ನ ಗೆರೆ ಅದರ ಪಕ್ಕದಲ್ಲೇ ನಡೆಯಿತು. ಹಾಗಾಗಿ ಈಗ ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಇದನ್ನು ಓದುವವರು ಸಮೀಕ್ಷೆಯ ಕೆಲಸ ಮಾಡಿದವರೇ ಆಗಿರುತ್ತೀರಿ. ಮಾದರಿ, ತೂಕ ಹಾಕುವುದು, ಚಲಿಸುವ ಸರಾಸರಿ, ಮೂರು ಅಂಕದ ದೋಷಮಿತಿ ಎಲ್ಲವೂ ನಿಮಗೆ ಗೊತ್ತು. ನೇರವಾಗಿ ಎಲ್ಲೆಲ್ಲಿ ಕೆಲಸ ಕೆಟ್ಟಿತು ಎಂಬುದಕ್ಕೆ ಬರುತ್ತೇನೆ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ. ಟ್ರೂಮನ್‌ರಿಂದ ಬೈಡನ್‌ವರೆಗೆ ಎಲ್ಲ ಅಧ್ಯಕ್ಷರ ಅಂಕಿಗಳನ್ನು ಒಂದೇ ಎಕ್ಸೆಲ್ ಹಾಳೆಗೆ ತುಂಬಿ, ಅಧಿಕಾರ ವಹಿಸಿಕೊಂಡ ತಿಂಗಳಿನಿಂದ ಎಣಿಸಿ, ಕಾಲ ಕಳೆದಂತೆ ಎಷ್ಟು ಇಳಿಯುತ್ತದೆ ಎಂದು ನೋಡಿದೆ. ಟ್ರೂಮನ್ 1945ರಲ್ಲಿ 87, 1952ರಲ್ಲಿ 22. ಜಾನ್ಸನ್ 78ರಿಂದ 35ಕ್ಕೆ. ಇಳಿಜಾರು ಎಷ್ಟು ಚೆಂದ ಎನಿಸಿತು. ಆಮೇಲೆ ರೇಗನ್ ಬಂದರು, 1983ರ ಜನವರಿಯಲ್ಲಿ 35ಕ್ಕೆ ಬಿದ್ದು ಕೊನೆಗೆ 63ರಲ್ಲಿ ಮನೆಗೆ ಹೋದರು. ಕ್ಲಿಂಟನ್ 1993ರ ಜೂನ್‌ನಲ್ಲಿ 37, 1998ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆ ದೋಷಾರೋಪ ಹೊರಿಸಿದ ವಾರ 73. ಗೆರೆ ಮುರಿದುಬಿತ್ತು.

ಎರಡನೆಯದು ಆರ್ಥಿಕತೆ. ನಿರುದ್ಯೋಗ, ಹಣದುಬ್ಬರ, ಮಿಶಿಗನ್ ವಿಶ್ವವಿದ್ಯಾಲಯದ ಗ್ರಾಹಕ ವಿಶ್ವಾಸ ಸೂಚ್ಯಂಕ ಮೂರನ್ನೂ ಸೇರಿಸಿ ರಿಗ್ರೆಷನ್ (ಇವು ಬದಲಾದಂತೆ ಮೆಚ್ಚುಗೆ ಎಷ್ಟು ಬದಲಾಗುತ್ತದೆಂಬ ಲೆಕ್ಕ) ಓಡಿಸಿದೆ. 2008ರವರೆಗೆ ತಕ್ಕಮಟ್ಟಿಗೆ ಹೊಂದಿತು. ಆಮೇಲೆ 2019. ನಿರುದ್ಯೋಗ ಶೇ 3.5, ಐದು ದಶಕಗಳಲ್ಲೇ ಕಡಿಮೆ; ಆದರೂ ಟ್ರಂಪ್ 40ರ ಸುತ್ತಲೇ ಗಿರಕಿ ಹೊಡೆಯುತ್ತಿದ್ದರು. ಗ್ರಾಹಕ ವಿಶ್ವಾಸವೂ ಈಗ ಪಕ್ಷದ ಬಣ್ಣ ಹಚ್ಚಿಕೊಂಡಿದೆ. ಶ್ವೇತಭವನದಲ್ಲಿ ಪಕ್ಷ ಬದಲಾದ ತಿಂಗಳೇ ಗೆದ್ದವರಿಗೆ ಆರ್ಥಿಕತೆ ಚೆನ್ನಾಗಿ ಕಾಣುತ್ತದೆ, ಸೋತವರಿಗೆ ಹದಗೆಟ್ಟಂತೆ ಕಾಣುತ್ತದೆ. ಪರಿಣಾಮವನ್ನೇ ಕಾರಣವೆಂದು ತಂದು ಕೂರಿಸಿದಂತಾಯಿತು.

ಉದಾಹರಣೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ಮಾದರಿ, ನ್ಯೂರಲ್ ನೆಟ್‌ವರ್ಕ್ ಕೂಡ ಪ್ರಯತ್ನಿಸಿದೆ, ಕ್ಲೌಡ್ ಬಾಡಿಗೆಯೇ ನಲವತ್ತು ಐವತ್ತು ಸಾವಿರ ತಿಂದಿತು. ಅಂಕಿಗಳು ಸಾವಿರಗಟ್ಟಲೆ ಇದ್ದರೇನು, ಅಧ್ಯಕ್ಷರು ಹದಿನಾಲ್ಕು ಮಂದಿ ಮಾತ್ರ. ಯಂತ್ರ ಯಾರು ಯಾವ ಅಧ್ಯಕ್ಷರೆಂದು ಗುರುತಿಸುವುದನ್ನು ಕಲಿಯಿತು, ಮುಂದೇನಾಗುತ್ತದೆಂದು ಹೇಳಲು ಕಲಿಯಲಿಲ್ಲ. ಆ ದಾರಿಗೆ ಯಾರೂ ಹಣ ಸುರಿಯಬೇಡಿ.

ಹಳೆಯ ಸಮೀಕ್ಷೆಗಳ ಕಡತಗಳಿಗೆ ಕಟ್ಟಿದ ಚಂದಾ, ಸ್ಕ್ಯಾನ್ ಆದ ಪುಟಗಳಿಂದ ಅಂಕಿ ತುಂಬಿಸಿದ ಮೈಸೂರಿನ ವಿದ್ಯಾರ್ಥಿಗಳಿಗೆ ಕೊಟ್ಟದ್ದು, ಕ್ಲೌಡ್ ಎಲ್ಲ ಸೇರಿ ಆ ವೇಳೆಗೆ ಮೂರೂವರೆ ಲಕ್ಷ ದಾಟಿತ್ತು. ಒಬ್ಬ ಗ್ರಾಹಕರು ಮುಂಗಡ ಕೊಟ್ಟು, ನಡುವೆ ಕೈಬಿಟ್ಟರು. ಬಾಕಿ ಇವತ್ತಿಗೂ ಬಂದಿಲ್ಲ. ನನಗೆ ಸಂಖ್ಯಾಶಾಸ್ತ್ರ ಕಲಿಸಿದ ಹಿರಿಯರೊಬ್ಬರು, 'ಏನಪ್ಪಾ, ಅಮೆರಿಕದವರೇ ಎಪ್ಪತ್ತು ವರ್ಷ ಗುದ್ದಾಡಿದ್ದನ್ನು ನೀನು ಜಯನಗರದಲ್ಲಿ ಕುಳಿತು ಬಿಡಿಸುತ್ತೀಯಾ?' ಎಂದು ಕೇಳಿದರು. 'ಬಿಡಿಸುತ್ತೇನೆ ಸರ್' ಎಂದೆ. ಅಂದು ಕೈಯಲ್ಲಿ ಏನೂ ಇರಲಿಲ್ಲ, ಹಟ ಇತ್ತು.

ದಾರಿ ಸಿಕ್ಕಿದ್ದು ಮೂರನೆಯ ಅಂಕಣದಲ್ಲಿ. ಪ್ರತಿ ಸಮೀಕ್ಷೆಯಲ್ಲೂ ಮೆಚ್ಚಿದವರು, ಮೆಚ್ಚದವರು, ಅಭಿಪ್ರಾಯ ಹೇಳದವರು ಎಂದು ಮೂರು ಅಂಕಿಗಳಿರುತ್ತವೆ. ಸಾಮಾನ್ಯವಾಗಿ ಎಲ್ಲರೂ ಮೊದಲನೆಯದನ್ನಷ್ಟೇ ಎತ್ತಿಕೊಳ್ಳುತ್ತಾರೆ, ಹೆಚ್ಚೆಂದರೆ ಎರಡನೆಯದನ್ನು ಕಳೆಯುತ್ತಾರೆ. ಈ ಸಾಲುಗಳನ್ನು ನೋಡಿ. ರೇಗನ್ ಅವರ ಮೊದಲ ಗ್ಯಾಲಪ್ ಅಂಕಿ 1981ರಲ್ಲಿ 51. ಮೆಚ್ಚದವರು 13, ಹೇಳದವರು 36. ಹಿರಿಯ ಬುಷ್ 1989ರಲ್ಲಿ ಅದೇ 51. ಮೆಚ್ಚದವರು ಬರೀ 6, ಹೇಳದವರು 43. ಟ್ರಂಪ್ 2017ರಲ್ಲಿ 45; ಮೆಚ್ಚದವರೂ 45, ಹೇಳದವರು 10. ಮೊದಲ ಅಂಕಣವನ್ನಷ್ಟೇ ಓದಿದವರಿಗೆ ಮೂವರೂ ಅಕ್ಕಪಕ್ಕ ಕಾಣುತ್ತಾರೆ. ಆದರೆ ಬುಷ್ ಅವರ ಮುಂದೆ ದೇಶದ ಹತ್ತಿರ ಹತ್ತಿರ ಅರ್ಧದಷ್ಟು ಜನ ಇನ್ನೂ ಬಾಗಿಲು ತೆರೆದುಕೊಂಡು ನಿಂತಿದ್ದರು. ಟ್ರಂಪ್ ಅವರ ಮುಂದೆ ಬಾಗಿಲುಗಳೆಲ್ಲ ಮುಚ್ಚಿಯಾಗಿತ್ತು.

ಅಲ್ಲಿಂದ ಪ್ರಶ್ನೆಯನ್ನೇ ಬದಲಿಸಿದೆ. ಮೆಚ್ಚುಗೆ ಎಷ್ಟು ಎಂದು ಕೇಳುವುದನ್ನು ಬಿಟ್ಟು, ಅದು ಯಾರದು ಎಂದು ಕೇಳತೊಡಗಿದೆ. ಸ್ವಂತ ಪಕ್ಷದವರು, ಎದುರು ಪಕ್ಷದವರು, ಯಾವ ಪಕ್ಷಕ್ಕೂ ಅಂಟಿಕೊಳ್ಳದ ಸ್ವತಂತ್ರರು. ಮೂರನ್ನೂ ಬೇರೆ ಬೇರೆ ಸಾಲಾಗಿ ಓಡಿಸಿದ ಮೇಲೆ ಒಂದು ಚಿತ್ರ ಎದ್ದು ನಿಂತಿತು. ಎದುರು ಪಕ್ಷದವರ ಮೆಚ್ಚುಗೆ ಕೈಗಡ. ಸಂಕಟದ ಹೊತ್ತಿನಲ್ಲಿ ಕೊಡುತ್ತಾರೆ, ಒಂದು ಗಡುವಿನೊಳಗೆ ವಾಪಸು ಕೇಳುತ್ತಾರೆ. ಸ್ವತಂತ್ರರ ಮೆಚ್ಚುಗೆಗೆ ಬಡ್ಡಿ ಇದೆ. ಬೆಲೆ ಏರಿದರೆ, ಯುದ್ಧ ಎಳೆದರೆ ಬಡ್ಡಿ ಏರುತ್ತದೆ. ಸ್ವಂತ ಪಕ್ಷದವರದ್ದು ಮೂಲ ಬಂಡವಾಳ.

ಇದನ್ನು ಇಬ್ಬರು ಬುಷ್‌ಗಳ ಮೇಲೆ ಇಟ್ಟು ಪರೀಕ್ಷಿಸಿದೆ. ಕಿರಿಯ ಬುಷ್ 2001ರ ಸೆಪ್ಟೆಂಬರ್ ಎರಡನೆಯ ವಾರದ ಆರಂಭದಲ್ಲಿ 51, ಸೆಪ್ಟೆಂಬರ್ 11ರ ದಾಳಿಯ ಬಳಿಕ, ಅದೇ ತಿಂಗಳ ಇಪ್ಪತ್ತೊಂದು ಇಪ್ಪತ್ತೆರಡರಂದು 90. ಎರಡೇ ವಾರದಲ್ಲಿ ಸುಮಾರು 40 ಅಂಕ. ಒಡೆದು ನೋಡಿದರೆ ದೊಡ್ಡ ಪಾಲು ಎದುರು ಪಕ್ಷದ ಡೆಮಾಕ್ರಟರದ್ದು. ಅವರ ಮೆಚ್ಚುಗೆ 30ರ ಒಳಗಿದ್ದದ್ದು 80 ದಾಟಿತ್ತು. ಒಟ್ಟು ಅಂಕಿ ತಿಂಗಳಿಗೆ ಸುಮಾರು ಎರಡು ಅಂಕದಂತೆ ವಾಪಸು ಹೋಗುತ್ತಾ, ಇರಾಕ್ ಯುದ್ಧಕ್ಕೆ ಮುಂಚೆ, 2003ರ ಮಾರ್ಚ್ ಆರಂಭದಲ್ಲಿ, 58ರ ಹತ್ತಿರ ಬಂದಿತ್ತು. ಯುದ್ಧ ಶುರುವಾದಾಗ ಮತ್ತೆ 71. ಹಿರಿಯ ಬುಷ್ ಕೊಲ್ಲಿ ಯುದ್ಧದ ಕೊನೆಯಲ್ಲಿ, 1991ರ ಫೆಬ್ರುವರಿ ಅಂತ್ಯದಲ್ಲಿ 89. 1992ರ ಜುಲೈ ಕೊನೆಯಲ್ಲಿ 29. ತಿಂಗಳಿಗೆ ಮೂರೂವರೆ ಅಂಕ. ಮಗನ ವೇಗಕ್ಕೂ ಅಪ್ಪನ ವೇಗಕ್ಕೂ ಇರುವ ಈ ಅಂತರ ನನ್ನ ನಿದ್ದೆಯನ್ನು ಬಹಳ ಕಾಲ ಕೆಡಿಸಿತ್ತು. ಮೂರು ಸಾಲು ಮಾಡಿದ ಮೇಲೆ ಅರ್ಥವಾಯಿತು: ಅಪ್ಪನ ಇಳಿಕೆಯಲ್ಲಿ ಎರಡು ತುಂಡುಗಳಿವೆ. ಮೊದಲ ತುಂಡು ಯುದ್ಧದ ಕೈಗಡ ತೀರಿದ್ದು. ಎರಡನೆಯದು ಸ್ವತಂತ್ರರು ಎದ್ದುಹೋದದ್ದು. ಹಿಂಜರಿತ 1991ರ ಮಾರ್ಚ್‌ನಲ್ಲೇ ಕೊನೆಗೊಂಡಿದ್ದರೂ ನಿರುದ್ಯೋಗ ಏರುತ್ತಲೇ ಹೋಗಿ 1992ರ ಜೂನ್‌ನಲ್ಲಿ ಶೇ 7.8 ಮುಟ್ಟಿತ್ತು. ಎರಡೂ ತುಂಡುಗಳಿಗೆ ಒಂದೇ ಗೆರೆ ಎಳೆಯಲು ಹೋದರೆ ಯಾವ ಸೂತ್ರವೂ ಕೂರುವುದಿಲ್ಲ.

ಕಾರ್ಟರ್ ಕಥೆಯೂ ಇದೇ ಅಚ್ಚಿನದು. 1979ರ ನವೆಂಬರ್‌ನಲ್ಲಿ ಟೆಹರಾನಿನ ರಾಯಭಾರ ಕಚೇರಿಯವರು ಒತ್ತೆಯಾಳಾದಾಗ 32 ಇದ್ದದ್ದು, ಜನವರಿಯಲ್ಲಿ 58. ಬೇಸಿಗೆಯ ಹೊತ್ತಿಗೆ ಪುನಃ 31. ಫೋರ್ಡ್ ಅವರದ್ದಂತೂ ಇನ್ನೂ ಸ್ಪಷ್ಟ. ಅವರ ಮೊದಲ ಅಂಕಿಯಲ್ಲಿ ಮೆಚ್ಚದವರು 3 ಮಾತ್ರ. ವಾಟರ್‌ಗೇಟ್ ಹಗರಣದಲ್ಲಿ ಅಧಿಕಾರ ಬಿಟ್ಟ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟದ್ದು 1974ರ ಸೆಪ್ಟೆಂಬರ್ 8. ತಿಂಗಳ ಕೊನೆಗೆ ಮೆಚ್ಚಿದವರು 71ರಿಂದ 50ಕ್ಕೆ, ಮೆಚ್ಚದವರು 28ಕ್ಕೆ. ಹೇಳದವರ ಅಂಕಣ ಹೆಚ್ಚು ಕದಲಲೇ ಇಲ್ಲ ಎಂಬುದನ್ನು ಗಮನಿಸಿ. ಕೊಟ್ಟವರೇ ನೇರವಾಗಿ ಕಿತ್ತುಕೊಂಡರು.

ಈಗಿನ ಕಾಲದ ಗುಟ್ಟು ಇಲ್ಲಿದೆ. ಐಸೆನ್‌ಹೋವರ್ ಅವರನ್ನು ಎದುರು ಪಕ್ಷದ ಡೆಮಾಕ್ರಟರಲ್ಲಿ ಸರಾಸರಿ ಅರ್ಧದಷ್ಟು ಜನ ಮೆಚ್ಚುತ್ತಿದ್ದರು. ರೇಗನ್ ಕಾಲಕ್ಕೆ ಅದು 30ರ ಸುತ್ತ. ಒಬಾಮಗೆ ರಿಪಬ್ಲಿಕನ್ನರಿಂದ ಸಿಕ್ಕದ್ದು 14ರ ಆಸುಪಾಸು. ಟ್ರಂಪ್ ಅವರಿಗೆ ಮೊದಲ ಅವಧಿಯಲ್ಲಿ ಡೆಮಾಕ್ರಟರಿಂದ 7 ಅಥವಾ 8. ಕೈಗಡ ಕೊಡುವವರೇ ಇಲ್ಲವಾದ ಮೇಲೆ ಏರಿಕೆ ಎಲ್ಲಿಂದ ಬರಬೇಕು? 2011ರ ಮೇ ತಿಂಗಳಲ್ಲಿ ಬಿನ್ ಲಾಡೆನ್ ಹತನಾದಾಗ ಒಬಾಮಗೆ ಬಂದದ್ದು ಐದಾರು ಅಂಕ, ಆಗಸ್ಟ್ ಹೊತ್ತಿಗೆ 40ರ ಕೆಳಗಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಟ್ರಂಪ್ 44ರಿಂದ 49ಕ್ಕೆ ಏರಿದರು, ಅದು ಅಲ್ಲಿಗೇ ಮುಗಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಬೈಡನ್ ಅವರಿಗೆ ಲೆಕ್ಕಕ್ಕೆ ಸಿಗುವಂಥದ್ದೇನೂ ಬರಲಿಲ್ಲ.

ಹಾಗೆಂದು ಇಳಿಕೆ ನಿಂತಿಲ್ಲ. ಅದೀಗ ಸ್ವತಂತ್ರರ ಸಾಲಿನಲ್ಲಿ ಮಾತ್ರ ನಡೆಯುತ್ತದೆ. ಬೈಡನ್ ಅವರನ್ನು ಮೆಚ್ಚುವ ಸ್ವತಂತ್ರರು 2021ರ ಜನವರಿಯಲ್ಲಿ 61 ಇದ್ದವರು, ಅಫ್ಗಾನಿಸ್ತಾನದಿಂದ ಸೇನೆ ಹೊರಟ ಮೇಲೆ, ಅಕ್ಟೋಬರ್‌ನಲ್ಲಿ 34. ಸ್ವಂತ ಪಕ್ಷದ ಡೆಮಾಕ್ರಟರು ಹೆಚ್ಚುಕಡಿಮೆ ಜೊತೆಗೇ ಇದ್ದರು. ಟ್ರಂಪ್ ಅವರ 2025ರ ಗೆರೆಯನ್ನು ನಾನು ಎಳೆದದ್ದು ಈ ಒಂದೇ ಸಾಲಿನ ಮೇಲೆ. ಅವರ ಸ್ವತಂತ್ರರ ಸಾಲು ಜುಲೈನಲ್ಲಿ 30ರ ಕೆಳಗೆ ಬಂದಿತು. ಸ್ವಂತ ಪಕ್ಷದ ಬಂಡವಾಳ 80ರ ಮೇಲೆ ಇರುವವರೆಗೆ ಒಟ್ಟು ಅಂಕಿ 30ಕ್ಕೆ ಬೀಳುವುದು ಬಲು ಕಷ್ಟ. ನಿಕ್ಸನ್ 1974ರಲ್ಲಿ 24 ಮುಟ್ಟಿದ್ದು ರಿಪಬ್ಲಿಕನ್ನರಲ್ಲೇ ಅರ್ಧದಷ್ಟು ಜನ ಕೈಬಿಟ್ಟದ್ದರಿಂದ.

ಒಂದು ಗುಂಡಿಯ ಬಗ್ಗೆ ಎಚ್ಚರಿಸಲೇಬೇಕು. ನೊಂದ ರಿಪಬ್ಲಿಕನ್ ಮತದಾರ ಅಧ್ಯಕ್ಷನನ್ನು ಮೆಚ್ಚುವುದಿಲ್ಲ ಎನ್ನುವ ಮೊದಲೇ, ತಾನು ರಿಪಬ್ಲಿಕನ್ ಎನ್ನುವುದನ್ನು ನಿಲ್ಲಿಸಬಹುದು. ಆಗ ಪಕ್ಷದೊಳಗಿನ ಮೆಚ್ಚುಗೆ ಗಟ್ಟಿಯಾಗಿಯೇ ಕಾಣುತ್ತದೆ, ಒಳಗಿರುವ ಜನ ಕಡಿಮೆಯಾಗಿರುತ್ತಾರೆ. ಗ್ಯಾಲಪ್ ಲೆಕ್ಕದಲ್ಲಿ ಸ್ವತಂತ್ರರೆಂದು ಹೇಳಿಕೊಳ್ಳುವವರು ಈಚಿನ ವರ್ಷಗಳಲ್ಲಿ 40 ದಾಟಿದ್ದಾರೆ. ಆದ್ದರಿಂದ ಪಕ್ಷಗಳ ಪಾಲನ್ನು ಆಯಾ ತಿಂಗಳ ಸಮೀಕ್ಷೆಯಿಂದ ತೆಗೆದುಕೊಳ್ಳಬೇಡಿ, ದೀರ್ಘ ಸರಾಸರಿಯಿಂದ ತೆಗೆದುಕೊಳ್ಳಿ. ಎಷ್ಟು ದೀರ್ಘ ಎಂಬುದನ್ನು ಹೇಳುವುದಿಲ್ಲ. ಅದಕ್ಕೂ, ಯಾವ ಘಟನೆ ಕೈಗಡ ತರುತ್ತದೆ ಎಂದು ಮೊದಲ ವಾರದಲ್ಲೇ ತೀರ್ಮಾನಿಸಲು ನಾನು ಬಳಸುವ ಅಳತೆಗೂ ಸಾಕಷ್ಟು ದುಡ್ಡು, ಕಣ್ಣು ಎರಡನ್ನೂ ಸವೆಸಿದ್ದೇನೆ. ಇಷ್ಟು ಸುಳಿವು ಕೊಡಬಲ್ಲೆ: ಘಟನೆ ಯಶಸ್ವಿಯೋ ವಿಫಲವೋ ಎಂದು ನೋಡಬೇಡಿ. 1961ರಲ್ಲಿ ಕ್ಯೂಬಾದ ಮೇಲೆ ನಡೆದ ಬೇ ಆಫ್ ಪಿಗ್ಸ್ ದಾಳಿ ಸಂಪೂರ್ಣ ನೆಲಕಚ್ಚಿತು, ಕೆನಡಿ 83ಕ್ಕೆ ಏರಿದರು. ಎದುರು ಪಕ್ಷದ ನಾಯಕರು ಆ ವಾರ ಏನು ಮಾತನಾಡುತ್ತಾರೆ ಎಂದು ನೋಡಿ.

ನಡುವೆ ಪೆಟ್ರೋಲ್ ದರದ ಹಿಂದೆಯೂ ಬಿದ್ದಿದ್ದೆ. 2022ರ ಜೂನ್‌ನಲ್ಲಿ ಅಲ್ಲಿನ ಪೆಟ್ರೋಲ್ ಗ್ಯಾಲನ್ನಿಗೆ ಐದು ಡಾಲರ್ ದಾಟಿತು, ಜುಲೈನಲ್ಲಿ ಬೈಡನ್ 38. ಸಿಕ್ಕಿತು ಎನಿಸಿತು. ಆದರೆ 2014ರ ಕೊನೆಯಲ್ಲಿ ದರ ಕುಸಿದಾಗ ಒಬಾಮ ಅಂಕಿ ಹೆಚ್ಚೇನೂ ಮೇಲೇಳಲಿಲ್ಲ. ಏರುವಾಗ ಕಚ್ಚುತ್ತದೆ, ಇಳಿಯುವಾಗ ನೆಕ್ಕುವುದಿಲ್ಲ. ಈಗ ಅದನ್ನು ಸ್ವತಂತ್ರರ ಸಾಲಿನಲ್ಲಿ, ಏರುವ ದಿಕ್ಕಿಗೆ ಮಾತ್ರ ಸೇರಿಸಿದ್ದೇನೆ.

ಫ್ರಾನ್ಸಿನ ಮೇಲೂ ಒಂದು ಕೈ ನೋಡಿದೆ. ಅಲ್ಲಿನ ಇಫೊಪ್ ಸಮೀಕ್ಷಾ ಸಂಸ್ಥೆಯ ತಿಂಗಳ ಅಂಕಿಗಳು ದ ಗಾಲ್ ಕಾಲದಿಂದ ಸಿಗುತ್ತವೆ. ಅಧ್ಯಕ್ಷ ಒಲಾಂದ್ 2014ರಲ್ಲಿ 13ಕ್ಕೆ ಇಳಿದಿದ್ದರು. ಅಲ್ಲಿ ಪಕ್ಷಗಳು ಹಲವು, ಬಂಡವಾಳವೇ ತೆಳು. ಇದಕ್ಕಿಂತ ಕೆಳಗೆ ಇಳಿಯದು ಎಂದು ನಾನು ಹಾಕಿದ ನೆಲಮಟ್ಟ ಅಲ್ಲಿ ನಿಲ್ಲಲಿಲ್ಲ. ಬಿಟ್ಟೆ.

ನಮ್ಮಲ್ಲಿ ಇದನ್ನು ಮಾಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ತುಮಕೂರು ಜಿಲ್ಲೆಯ ಕೆಲವು ಮತಗಟ್ಟೆಗಳ ವ್ಯಾಪ್ತಿಯಲ್ಲಿ ಶಾಸಕರ ಕೆಲಸದ ಬಗ್ಗೆ ತಿಂಗಳು ತಿಂಗಳು ಅದೇ ಮನೆಗಳಲ್ಲಿ ಕೇಳಿಸಿದೆ, ಲಕ್ಷದ ಹತ್ತಿರ ಕೈಯಿಂದ ಹೋಯಿತು. ಅಂಕಿ ಬಂತು, ಆದರೆ ಒಡೆಯಲು ಬೇಕಾದ ಅಂಕಣ ಬರಲಿಲ್ಲ. ನಿಮ್ಮ ಪಕ್ಷ ಯಾವುದು ಎಂದರೆ ಜನ ಬಾಯಿ ಬಿಡುವುದಿಲ್ಲ. ಕಳೆದ ಸಲ ಯಾರಿಗೆ ಹಾಕಿದಿರಿ ಎಂದರೆ ಗೆದ್ದವರ ಹೆಸರನ್ನೇ ಹೇಳುತ್ತಾರೆ, ಕ್ಷೇತ್ರಕಾರ್ಯ ಮಾಡಿದ ಎಲ್ಲರಿಗೂ ಇದು ಗೊತ್ತು. ಮತಗಟ್ಟೆವಾರು ಫಲಿತಾಂಶವನ್ನು ಪಕ್ಷದ ಬದಲಿಗೆ ಇಟ್ಟು ನೋಡುವ ಒಂದು ಯೋಚನೆ ಇದೆ. ಹೋದ ವರ್ಷ ಬಾಗಿಲಲ್ಲೇ ನಿಲ್ಲಿಸಿದ್ದ ಗ್ರಾಹಕರು ಈಗ ತಾವಾಗಿಯೇ ಫೋನ್ ಮಾಡುತ್ತಿದ್ದಾರೆ. ಅವರಿಂದ ಬರುವ ಮುಂದಿನ ಕಂತನ್ನು ಅದಕ್ಕೇ ಇಡುತ್ತೇನೆ.