ಅಳಿವೆ ದಾಟುವ ಮುನ್ನ ಆಳ ಅಳೆಯುವುದು ಹೇಗೆ?

ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಒಟ್ಟಾಗಿ ಕಡಲು ಸೇರುತ್ತವೆ. ಮಂಗಳೂರಿನ ಹಳೆ ಬಂದರಿನ ಎದುರು, ಬೆಂಗ್ರೆ ಮತ್ತು ಉಳ್ಳಾಲದ ನಡುವೆ ನೇತ್ರಾವತಿ, ಫಲ್ಗುಣಿ ಸೇರುತ್ತವೆ. ಎರಡೂ ಕಡೆ ಬೋಟುಗಳು ಕಡಲಿಗಿಳಿಯಬೇಕಾದರೆ ಅಳಿವೆ ಬಾಗಿಲು, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಲೇಬೇಕು. ಮಳೆಗಾಲದ ನೆರೆ ಮರಳನ್ನು ಹೊರಗೆ ತಳ್ಳುತ್ತದೆ. ನೆರೆ ಇಳಿದ ಮೇಲೆ ಅಲೆಗಳು ಅದನ್ನೇ ಮತ್ತೆ ಬಾಯಿಗೆ ತಂದು ಪೇರಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಸಿ ಹೊರಟಾಗ, ಮೇ ತಿಂಗಳ ಜಿಪಿಎಸ್ ಟ್ರ್ಯಾಕ್ ತೋರಿಸುವ ದಾರಿಯಲ್ಲಿ ಈಗ ದಿಬ್ಬವಿರಬಹುದು. ಆಳವನ್ನು ಹೊಸದಾಗಿ ಅಳೆಯದೆ ಬೇರೆ ದಾರಿಯಿಲ್ಲ.

ಮೊದಲು ನಿಮ್ಮ ಬೋಟಿನ ಅಳತೆ. ನೀರಿನ ಮಟ್ಟದಿಂದ ತಳದ ಅತಿ ಕೆಳಗಿನ ಬಿಂದುವಿನವರೆಗೆ, ಅಂದರೆ ಸಾಮಾನ್ಯವಾಗಿ ಹಿಂಭಾಗದಲ್ಲಿ ಪ್ರೊಪೆಲ್ಲರಿನ ಕೆಳಗಿನವರೆಗೆ, ಎಷ್ಟಿದೆ ನೋಡಿ. ಖಾಲಿ ಬೋಟಿನ ಲೆಕ್ಕ ಸಾಲದು; ಮಂಜುಗಡ್ಡೆ, ಡೀಸೆಲ್, ಮೀನು ತುಂಬಿದಾಗ ಎಷ್ಟು ಇಳಿಯುತ್ತದೋ ಅದೇ ಲೆಕ್ಕ. ಇಲ್ಲಿ ಅದನ್ನು 1.8 ಮೀಟರ್ ಎಂದಿಟ್ಟುಕೊಳ್ಳೋಣ.

ಮುಂದೆ ಎಕೋ ಸೌಂಡರ್, ಅಂದರೆ ನೆಲಕ್ಕೆ ಸದ್ದು ಕಳಿಸಿ ಮರುದನಿಯಿಂದ ಆಳ ತೋರಿಸುವ ಯಂತ್ರ. ಸೆನ್ಸರ್ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ, ಪರದೆಯ ಅಂಕಿ ಸೆನ್ಸರ್‌ನಿಂದ ನೆಲದವರೆಗಿನದೋ ನೀರಿನ ಮೇಲ್ಮೈಯಿಂದಲೋ ಎಂಬುದು ಸೆಟ್ಟಿಂಗ್ ಮೇಲೆ ನಿಂತಿದೆ. ಇದು ಗೊತ್ತಿಲ್ಲದಿದ್ದರೆ ಲೆಕ್ಕ ಒಂದು ಮೀಟರ್ ತಪ್ಪುವುದು ಸುಲಭ. ಜೆಟ್ಟಿಯ ಬಳಿ ಬೋಟು ನಿಲ್ಲಿಸಿ ಗಳದಿಂದ ಅಳೆದು ಪರದೆಯ ಅಂಕಿಯೊಂದಿಗೆ ತಾಳೆ ನೋಡಿ. ಎರಡು ಕಡೆ ಯಂತ್ರ ಮೋಸ ಮಾಡುತ್ತದೆ. ಅಲೆ ಒಡೆದ ನೊರೆಯಲ್ಲಿ ಗಾಳಿಗುಳ್ಳೆಗಳಿಂದಾಗಿ ಅಂಕಿ ಮಾಯವಾಗುತ್ತದೆ ಅಥವಾ ಹುಚ್ಚಾಪಟ್ಟೆ ಕುಣಿಯುತ್ತದೆ. ಹೂಳು ಗಂಜಿಯಂತೆ ತೇಲುವ ಜಾಗದಲ್ಲಿ 200 ಕಿಲೋಹರ್ಟ್ಸ್ ಸದ್ದು ಹೂಳಿನ ಮೇಲ್ಪದರಕ್ಕೇ ತಾಗಿ ಹಿಂದಿರುಗುತ್ತದೆ. ಗಟ್ಟಿ ನೆಲ ಇನ್ನೂ ಕೆಳಗಿರುತ್ತದೆ.

ಅದಕ್ಕೇ ಗಳವನ್ನು ಕೈಬಿಡಬಾರದು. ನಾಲ್ಕು ಮೀಟರಿನ ನೇರ ಬಿದಿರಿಗೆ ಕಾಲು ಮೀಟರಿಗೊಂದರಂತೆ ಕೆಂಪು, ಬಿಳಿ ಪಟ್ಟಿ ಬಳಿಯಿರಿ. ತುದಿಗೆ ಗ್ರೀಸ್ ಹಚ್ಚಿದರೆ ಮರಳೋ ಕೆಸರೋ ಅಂಟಿಕೊಂಡು ಬರುತ್ತದೆ. ಮರಳಾದರೆ ಗಳ ಟಕ್ಕನೆ ನಿಲ್ಲುತ್ತದೆ, ಕೆಸರಾದರೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಕೈಗೆ ಅದು ಕೂಡಲೇ ತಿಳಿಯುತ್ತದೆ. ಹೆಚ್ಚು ಆಳಕ್ಕೆ, ಗುರುತು ಕಟ್ಟಿದ ಹಗ್ಗದ ತುದಿಯಲ್ಲಿ ಎರಡು ಮೂರು ಕಿಲೋ ಸೀಸದ ಗುಂಡು. ಗುಂಡನ್ನು ಮುಂದಕ್ಕೆ ಎಸೆದು, ಹಗ್ಗ ನೆಟ್ಟಗೆ ನಿಂತ ಗಳಿಗೆಯಲ್ಲಿ ಓದಬೇಕು. ಓರೆಯಾಗಿದ್ದರೆ ಆಳ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಅದೇ ಅಪಾಯದ ತಪ್ಪು.

ಅಳೆಯಲು ದೊಡ್ಡ ಬೋಟು ಬೇಡ. ಅಲೆ ತಗ್ಗಿರುವ ಬೆಳಗ್ಗೆ, ಇಳಿತದ ಕೊನೆಗೋ ಉಬ್ಬರ ಶುರುವಾಗುವಾಗಲೋ, ಲೈಫ್ ಜಾಕೆಟ್ ಹಾಕಿಕೊಂಡು ಸಣ್ಣ ಫೈಬರ್ ದೋಣಿಯಲ್ಲಿ ಹೋಗಿ. ಚಾನೆಲ್ ಉದ್ದಕ್ಕೂ ಹೋಗದೆ, ಅಂಕುಡೊಂಕಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟುತ್ತಾ ಅಳೆಯಿರಿ. ಆಗಲೇ ಅಂಚು ಯಾವ ಕಡೆ ಏರಿದೆ ಎಂದು ಗೊತ್ತಾಗುವುದು. ಪ್ರತಿ ಅಂಕಿಯ ಪಕ್ಕ ಗಂಟೆ ಬರೆಯಿರಿ. ಗಂಟೆ ಬರೆಯದ ಆಳ ಲೆಕ್ಕಕ್ಕೆ ಬಾರದು.

ಏಕೆಂದರೆ ಈಗಿನದು ಲೆಕ್ಕದ ಕೆಲಸ. ಉಬ್ಬರ ಇಳಿತದ ವೇಳಾಪಟ್ಟಿ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್ಕಾಯ್ಸ್‌ನಿಂದ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆರಡು ಉಬ್ಬರ, ಆದರೆ ಎರಡೂ ಸಮನಲ್ಲ. ಯಾವುದು ಎತ್ತರದ್ದೆಂದು ನೋಡಿಕೊಳ್ಳಿ. ಉದಾಹರಣೆಗೆ ಬೆಳಗ್ಗೆ 5.30ಕ್ಕೆ ಇಳಿತ 0.3 ಮೀಟರ್, 11.30ಕ್ಕೆ ಉಬ್ಬರ 1.5 ಮೀಟರ್ ಎನ್ನಿ. ಏರಿಕೆ 1.2 ಮೀಟರ್. ಇದು ಆರು ಗಂಟೆಗಳಲ್ಲಿ ಸಮನಾಗಿ ಏರುವುದಿಲ್ಲ. ಹನ್ನೆರಡು ಪಾಲು ಮಾಡಿದರೆ ಗಂಟೆಗೆ ಕ್ರಮವಾಗಿ 1, 2, 3, 3, 2, 1 ಪಾಲು ಏರುತ್ತದೆ. ಇಲ್ಲಿ ಒಂದು ಪಾಲೆಂದರೆ 10 ಸೆಂಟಿಮೀಟರ್. ಹಾಗಾಗಿ 7.30ಕ್ಕೆ ಮಟ್ಟ 0.6 ಮೀಟರ್. ಆ ಹೊತ್ತಿಗೆ ದಿಬ್ಬದ ಮೇಲೆ ನೀವು ಅಳೆದದ್ದು 2.4 ಮೀಟರ್ ಆದರೆ, 0.6 ಕಳೆದು ಮೂಲ ಆಳ, ಅಂದರೆ ಪಟ್ಟಿಯ ಮಟ್ಟ ಸೊನ್ನೆಯಿದ್ದಾಗಿನ ಆಳ, 1.8. ಅದಕ್ಕೆ 10.30ರ ಮಟ್ಟ 1.4 ಸೇರಿಸಿ: ಆಗ ಸಿಗುವ ನೀರು 3.2 ಮೀಟರ್.

ಇಷ್ಟು ಸಾಕೇ? ಬೋಟಿಗೆ 1.8. ಒಂದು ಮೀಟರ್ ಅಲೆಯಿದ್ದರೆ ಅಲೆಯ ತಗ್ಗಿನಲ್ಲಿ ನೀರು ಅರ್ಧ ಮೀಟರ್ ಇಳಿಯುತ್ತದೆ. ವೇಗದಲ್ಲಿ ಹಿಂಭಾಗ ಕುಸಿಯುವುದಕ್ಕೂ ಲೆಕ್ಕದ ತಪ್ಪಿಗೂ ಇನ್ನರ್ಧ ಮೀಟರ್. ಒಟ್ಟು 2.8, ದಾಟಬಹುದು. ಅಲೆ ಎರಡು ಮೀಟರಾದರೆ 3.3 ಬೇಕು, ಕಾಯಲೇಬೇಕು. ಮೀನಿಗೆ ಬೆಲೆ ಇಳಿಯುತ್ತದೆ ಎಂಬ ಆತುರ ಈ ಕಳೆಯುವ ಕೂಡುವ ಲೆಕ್ಕವನ್ನು ಬದಲಿಸುವುದಿಲ್ಲ. ಪಟ್ಟಿಯಲ್ಲಿರುವುದು ಅಂದಾಜು ಮಟ್ಟ ಮಾತ್ರ. ನದಿಯ ನೆರೆ, ಗಾಳಿ ಅದರಲ್ಲಿ ಸೇರಿಲ್ಲ. ಜೆಟ್ಟಿಯ ಕಂಬಕ್ಕೆ ಅಳತೆಪಟ್ಟಿ ಬಳಿದಿಟ್ಟು ದಿನವೂ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ದಾಟಲು ಒಳ್ಳೆಯ ಹೊತ್ತು ಉಬ್ಬರದ ಕೊನೆಯ ಒಂದೆರಡು ಗಂಟೆ. ತಳ ತಾಗಿದರೂ ಏರುವ ನೀರು ಎತ್ತುತ್ತದೆ. ಇಳಿತದಲ್ಲಿ ಹೊರಹರಿವು ಒಳಬರುವ ಅಲೆಗೆ ಎದುರಾಗಿ ಅಲೆ ಕಡಿದಾಗಿ ಏಳುತ್ತದೆ; ಆಳ ಸಾಕಷ್ಟಿದ್ದರೂ ಬೋಟು ಮಗುಚಬಹುದು. ಮೊದಲು ಕನಿಷ್ಠ ಹತ್ತು ನಿಮಿಷ ಹೊರಗೆ ನಿಂತು ನೋಡಿ. ಬಿಳಿಯಾಗಿ ಒಡೆಯುವಲ್ಲಿ ದಿಬ್ಬ, ಒಡೆಯದೆ ಸಾಗುವಲ್ಲಿ ಆಳ. ದೊಡ್ಡ ಅಲೆಗಳು ಗುಂಪಾಗಿ, ಬಿಟ್ಟುಬಿಟ್ಟು ಬರುವುದರಿಂದ ಎರಡು ನಿಮಿಷದ ಶಾಂತಿಯನ್ನು ನಂಬಬೇಡಿ.

ದಾರಿ ಸಿಕ್ಕ ಮೇಲೆ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು ಹಿಡಿಯಿರಿ, ತೆಂಗಿನ ಮರದ ಹಿಂದೆ ಮೊಬೈಲ್ ಟವರ್ ಇದ್ದ ಹಾಗೆ. ಎರಡೂ ನೇರವಿದ್ದಷ್ಟು ಹೊತ್ತು ಸಾಲಿನಲ್ಲಿದ್ದೀರಿ; ಅಡ್ಡ ಸೆಳೆತ ತಳ್ಳಿದರೆ ತಕ್ಷಣ ಬೇರೆಯಾಗುತ್ತವೆ. ಬೋಟು ನಡೆಸುವ ತಾಂಡೇಲ ಚುಕ್ಕಾಣಿಯಲ್ಲಿರಲಿ, ಇನ್ನೊಬ್ಬರು ಆಳ ಕೂಗಿ ಹೇಳಲಿ. ಲೆಕ್ಕಕ್ಕಿಂತ ಅರ್ಧ ಮೀಟರ್ ಕಡಿಮೆ ಬಂದರೆ, ಅಲೆ ಒಡೆಯುವ ಜಾಗಕ್ಕೆ ಮುಟ್ಟುವ ಮೊದಲೇ ಹಿಂದಿರುಗಿ. ನಡು ಅಲೆಯಲ್ಲಿ ತಿರುಗಿಸಿದರೆ ಬೋಟು ಅಲೆಗೆ ಅಡ್ಡ ಬೀಳುತ್ತದೆ.

ತಳ ತಾಗಿತೆಂದರೆ ಎಂಜಿನ್ ರೇಸ್ ಮಾಡಿ ಮುಂದೆ ನುಗ್ಗಿಸಬೇಡಿ. ಮರಳು ಕೂಲಿಂಗ್ ನೀರಿನ ಜಾಳಿಗೆಯನ್ನು ಕಟ್ಟಿಹಾಕಿ ಎಂಜಿನ್ ಬಿಸಿಯೇರುತ್ತದೆ. ಬಂದ ದಾರಿಯಲ್ಲೇ ರಿವರ್ಸ್ ತೆಗೆಯಿರಿ. ಬಾರದಿದ್ದರೆ ಮೂತಿ ಅಲೆಗೆ ಎದುರಾಗಿ ನಿಲ್ಲುವಂತೆ ಲಂಗರು ಬಿಟ್ಟು ಉಬ್ಬರಕ್ಕೆ ಕಾಯಿರಿ. ನೀರು ಒಳನುಗ್ಗಿದರೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್, ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.